ಒಂದೇ ಬೊಕ್ಕಸ, ನಾಲ್ಕು ಬಗೆಯ ನಿವೃತ್ತಿ

ಹೊಳಲೂರು: ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗುವ ರಸ್ತೆಯಲ್ಲಿರುವ ಈ ಊರಿಗೆ ನವೆಂಬರ್ ಎಂದರೆ ಅಡಿಕೆ ಸುಲಿತದ ಕಾಲ. ನಿವೃತ್ತರ ಪಾಲಿಗೆ ಮಾತ್ರ ಅದು ತಾವಿನ್ನೂ ಬದುಕಿದ್ದೇವೆಂದು ರುಜುವಾತುಪಡಿಸುವ ತಿಂಗಳು. ಜೀವಿತ ಪ್ರಮಾಣಪತ್ರಕ್ಕಾಗಿ ಬ್ಯಾಂಕಿನ ಮುಂದೆ ನಿಲ್ಲುವವರಲ್ಲಿ ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕರಿರುತ್ತಾರೆ. ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ದಶಕಗಳ ಕಾಲ ದುಡಿದು ಮರಳಿದವರೂ ಇರುತ್ತಾರೆ. ಇಬ್ಬರೂ ಸರ್ಕಾರಿ ಕೆಲಸವೆಂದೇ ನಂಬಿ ಸೇರಿದವರು. ಹೆಣ್ಣು ಕೊಡುವ ಮನೆಯವರೂ ಹಾಗೆಂದೇ ನಂಬಿದ್ದರು. ಇಂದು ಇಬ್ಬರ ಪಾಸ್ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅವೆರಡೂ ಒಂದೇ ಸರ್ಕಾರದ ಸೇವೆಯ ಫಲವೆಂದು ಯಾರೂ ಒಪ್ಪಲಾರರು.

2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000 ರೂಪಾಯಿಗೆ, ಕನಿಷ್ಠ ಪಿಂಚಣಿ 8,500ರಿಂದ 13,500 ರೂಪಾಯಿಗೆ ಏರಿತು. ಇದರ ಮೇಲೆ ವರ್ಷಕ್ಕೆ ಎರಡು ಬಾರಿ ಪರಿಷ್ಕರಣೆಯಾಗುವ ತುಟ್ಟಿಭತ್ಯೆಯೂ ಉಂಟು. ಕಾರ್ಖಾನೆಯಿಂದ ನಿವೃತ್ತರಾದವರಿಗೆ ಅನ್ವಯಿಸುವ ನೌಕರರ ಪಿಂಚಣಿ ಯೋಜನೆಯಲ್ಲಿ, ಅಂದರೆ ಬಾಯಿಮಾತಿನ 'ಇಪಿಎಸ್-95'ರಲ್ಲಿ, ಕನಿಷ್ಠ ಪಿಂಚಣಿ 2014ರ ಸೆಪ್ಟೆಂಬರ್‌ನಲ್ಲಿ ಒಂದು ಸಾವಿರ ರೂಪಾಯಿಗೆ ನಿಗದಿಯಾಯಿತು. ಅದಾಗಿ ಹತ್ತು ವರ್ಷ ಕಳೆದರೂ ಆ ಸಾವಿರ ಸಾವಿರವಾಗಿಯೇ ಉಳಿಯಿತು.

ಇದನ್ನು ಸರ್ಕಾರಿ ನೌಕರರಿಗೆ ಸಿಕ್ಕಿದ್ದು ಹೆಚ್ಚಾಯಿತೆಂಬ ದೂರಾಗಿ ಓದಬೇಕಿಲ್ಲ. ವೇತನ ಹಾಗೂ ಪಿಂಚಣಿಯ ವೆಚ್ಚವನ್ನು ಸರ್ಕಾರ ನಿಭಾಯಿಸುವ ಬಗೆ ಯಾವುದು, ಆ ನಿಭಾವಣೆಯ ಭಾರವನ್ನು ಹೊತ್ತವರು ಯಾರು ಎಂಬುದು ಇಲ್ಲಿನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಭದ್ರಾವತಿಗಿಂತ ತಕ್ಕ ಊರು ಮತ್ತೊಂದಿಲ್ಲ.

ಕುಲುಮೆಯೂ ಕಾಗದವೂ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಆರಂಭವಾದಾಗ ಅದು ಮೈಸೂರು ಸರ್ಕಾರದ ಸ್ವಂತ ಉದ್ಯಮ. ನಷ್ಟದ ಸುಳಿಗೆ ಸಿಲುಕಿದ್ದ ಅದರ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು ವಹಿಸಿಕೊಂಡು 1929ರವರೆಗೆ ನಡೆಸಿದರು. 1962ರಲ್ಲಿ ಅದು ಕಂಪನಿಯಾಯಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರ, ಅಂದರೆ ಸೈಲ್, ಅದನ್ನು ತನ್ನ ಅಂಗಸಂಸ್ಥೆಯಾಗಿ ಪಡೆದುಕೊಂಡಿತು. 1998ರಲ್ಲಿ ತನ್ನೊಳಗೇ ವಿಲೀನಗೊಳಿಸಿಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ 1977ರಲ್ಲಿ ರಾಜ್ಯ ಸರ್ಕಾರದ ಕಂಪನಿಯಾಯಿತು. ಕನ್ನಡದ ಎಷ್ಟೋ ದಿನಪತ್ರಿಕೆಗಳು ಒಂದು ಕಾಲಕ್ಕೆ ಅಚ್ಚಾಗುತ್ತಿದ್ದುದು ಆ ಕಾರ್ಖಾನೆಯ ಕಾಗದದ ಮೇಲೆ. ಕಾಗದ ಬಿಟ್ಟು ಪರದೆಯ ಮೇಲೆ ಬದುಕು ಕಂಡುಕೊಂಡಿರುವ ನಮ್ಮಂಥವರು ಇದನ್ನು ಮರೆಯುವಂತಿಲ್ಲ.

ಎರಡಕ್ಕೂ ಒದಗಿದ ಗತಿ ಮಲೆನಾಡಿಗೆ ಗೊತ್ತೇ ಇದೆ. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಬಹುಪಾಲು ಕಾರ್ಮಿಕರು ಸ್ವಯಂ ನಿವೃತ್ತಿ ಪಡೆದು ಹೊರನಡೆದರು. ವಿಐಎಸ್ಎಲ್‌ನಿಂದ ಬಂಡವಾಳ ಹಿಂತೆಗೆಯಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ತಾತ್ವಿಕ ಒಪ್ಪಿಗೆ ನೀಡಿತು. 2019ರಲ್ಲಿ ಆಸಕ್ತರಿಂದ ಅರ್ಜಿ ಕರೆಯಲಾಯಿತು. ಕೊಳ್ಳುವವರು ಮುಂದೆ ಬಾರದ್ದರಿಂದ 2022ರ ಅಕ್ಟೋಬರ್‌ನಲ್ಲಿ ಆ ಪ್ರಕ್ರಿಯೆ ರದ್ದಾಯಿತು. ನೂರು ವರ್ಷ ತುಂಬಿದ 2023ರ ಜನವರಿಯಲ್ಲಿಯೇ ಮುಚ್ಚುವ ನಿರ್ಧಾರ ಹೊರಬಿದ್ದುದು ವಿಧಿಯ ವ್ಯಂಗ್ಯ. ಅದರ ವಿರುದ್ಧ ಧರಣಿ ಕುಳಿತವರು ಸಾವಿರಕ್ಕೂ ಮಿಕ್ಕ ಗುತ್ತಿಗೆ ಕಾರ್ಮಿಕರು. ಹೋರಾಟದ ಮುಂಚೂಣಿಗೆ ಗುತ್ತಿಗೆಯವರು ಬರಬೇಕಾದದ್ದೇ ಸಾರ್ವಜನಿಕ ಉದ್ಯಮದ ಅಂದಿನ ಚಹರೆಯನ್ನು ಹೇಳುತ್ತದೆ: ಕಾಯಂ ನೌಕರರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕರಗಿತ್ತು. 2001ರ ಜನಗಣತಿಯಲ್ಲಿ ಸುಮಾರು 1.60 ಲಕ್ಷವಿದ್ದ ಭದ್ರಾವತಿ ನಗರದ ಜನಸಂಖ್ಯೆ 2011ರ ಹೊತ್ತಿಗೆ 1.51 ಲಕ್ಷದ ಆಸುಪಾಸಿಗೆ ಇಳಿದಿತ್ತು. ರಾಜ್ಯದ ನಗರಗಳೆಲ್ಲ ಹಿಗ್ಗುತ್ತಿದ್ದ ದಶಕದಲ್ಲಿ ಒಂದು ನಗರ ಕುಗ್ಗಿತು.

ಕಾಗದ ಕಾರ್ಖಾನೆಯ ಕಾರ್ಮಿಕನ ಪಿಂಚಣಿ ಹೇಗೆ ಲೆಕ್ಕವಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರ್ 16ರಂದು. ಮಾಲೀಕರು ಭವಿಷ್ಯನಿಧಿಗೆ ಕಟ್ಟುವ ವಂತಿಗೆಯಲ್ಲಿ ವೇತನದ ಶೇ 8.33ರಷ್ಟು ಈ ನಿಧಿಗೆ ಹೋಗುತ್ತದೆ. ಆದರೆ 'ವೇತನ' ಎಂಬುದಕ್ಕೆ ಮಿತಿಯಿದೆ. 2001ರಿಂದ ಆ ಮಿತಿ 6,500 ರೂಪಾಯಿ, 2014ರ ಸೆಪ್ಟೆಂಬರ್‌ನಿಂದ 15,000 ರೂಪಾಯಿ. ಮಿತಿಗೊಳಪಟ್ಟ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ ಸಿಗುತ್ತದೆ. 6,500ರ ಮಿತಿಯಲ್ಲಿ ಇಪ್ಪತ್ತು ವರ್ಷದ ಸೇವೆಗೆ ಬರುವುದು 1,857 ರೂಪಾಯಿ. 1995ಕ್ಕೆ ಹಿಂದಿನ ಸೇವೆಗೆಂದು ಸೇರುವ ಮೊತ್ತ ಅಲ್ಪ. ಪೂರ್ತಿ ಮೂವತ್ತೈದು ವರ್ಷ 15,000ರ ಮಿತಿಯಲ್ಲಿಯೇ ದುಡಿದರೆಂದು ಊಹಿಸಿದರೂ ಸಿಗುವುದು 7,500. ಅದಕ್ಕೆ ತುಟ್ಟಿಭತ್ಯೆಯಿಲ್ಲ. ಮೊದಲ ತಿಂಗಳು ಬಂದ ಮೊತ್ತವೇ ಕೊನೆಯ ತಿಂಗಳಿಗೂ.

ನೈಜ ವೇತನದ ಮೇಲೆ ಪಿಂಚಣಿ ಪಡೆಯುವ ಹಕ್ಕಿನ ಕುರಿತು ಸುಪ್ರೀಂ ಕೋರ್ಟ್ 2022ರ ನವೆಂಬರ್ 4ರಂದು ತೀರ್ಪು ನೀಡಿತು. ಆದರೆ 2014ರ ಸೆಪ್ಟೆಂಬರ್ 1ಕ್ಕೆ ಮುನ್ನ, ಆಯ್ಕೆ ಸಲ್ಲಿಸದೆಯೇ ನಿವೃತ್ತರಾದವರನ್ನು ಅದು ಹೊರಗಿಟ್ಟಿತು. ರಾಜ್ಯಸಭೆಯ ಅರ್ಜಿ ಸಮಿತಿ, ಭಗತ್ ಸಿಂಗ್ ಕೋಶ್ಯಾರಿಯವರ ಅಧ್ಯಕ್ಷತೆಯಲ್ಲಿ, 2013ರಲ್ಲಿಯೇ ಕನಿಷ್ಠ ಪಿಂಚಣಿ 3,000 ರೂಪಾಯಿ ಇರಲೆಂದು ಶಿಫಾರಸು ಮಾಡಿತ್ತು. ಮರುವರ್ಷ ಬಂದದ್ದು ಅದರ ಮೂರನೇ ಒಂದು ಭಾಗ.

ಕಾರ್ಖಾನೆಯವರಿಗೆ ಭವಿಷ್ಯನಿಧಿಯ ಇಡಿಗಂಟು ಬಂದಿತಲ್ಲ, ಸ್ವಯಂ ನಿವೃತ್ತಿಯ ಪರಿಹಾರ ಸಿಕ್ಕಿತಲ್ಲ ಎಂದು ಕೇಳುವವರಿದ್ದಾರೆ. ಸಿಕ್ಕಿತು ನಿಜ. ಆದರೆ ಕಾರ್ಖಾನೆಯೊಂದಿಗೆ ವಸತಿ, ಆಸ್ಪತ್ರೆ, ಶಾಲೆ ಎಲ್ಲವೂ ಕಳಚಿಕೊಂಡಾಗ ಇಡಿಗಂಟು ಮನೆ ಕಟ್ಟಲು, ಮಕ್ಕಳ ಮದುವೆಗೆ, ಔಷಧಿಗೆ ಕರಗಿತು. ಇಡಿಗಂಟು ಎಷ್ಟೇ ದೊಡ್ಡದಿದ್ದರೂ ತಿಂಗಳು ತಿಂಗಳು ಬರುವ ಹಣವಾಗಲಾರದು. ಆದ್ದರಿಂದಲೇ ಸರ್ಕಾರಿ ನೌಕರರು ಇಡಿಗಂಟಿಗಿಂತ ಪಿಂಚಣಿಗಾಗಿ ಬೀದಿಗಿಳಿಯುತ್ತಾರೆ.

ಒಂದು ದಿನಾಂಕದ ಗೆರೆ

ಸರ್ಕಾರಿ ನೌಕರರೊಳಗೂ ಈಗ ಎರಡು ಪಂಗಡಗಳಿವೆ. 2006ರ ಏಪ್ರಿಲ್ 1ರಂದು ಅಥವಾ ಅನಂತರ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ. ಅವರ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟು ಕಡಿತವಾಗಿ, ಸರ್ಕಾರದ ಶೇ 14ರ ವಂತಿಗೆಯೊಡನೆ ರಾಷ್ಟ್ರೀಯ ಪಿಂಚಣಿ ಯೋಜನೆಗೆ ಸೇರುತ್ತದೆ. ನಿವೃತ್ತಿಯ ದಿನ ಖಾತೆಯಲ್ಲಿರುವ ಹಣದ ಕನಿಷ್ಠ ಶೇ 40ರಿಂದ ವರ್ಷಾಶನ ಕೊಳ್ಳಬೇಕು. ಅದು ಎಷ್ಟೆಂಬುದನ್ನು ಹೇಳಬೇಕಾದದ್ದು ಮಾರುಕಟ್ಟೆ. ಒಂದೇ ಶಾಲೆಯ ಒಂದೇ ಕೊಠಡಿಯಲ್ಲಿ ಕುಳಿತ ಇಬ್ಬರು ಶಿಕ್ಷಕರಲ್ಲಿ ಒಬ್ಬರಿಗೆ ಕೊನೆಯ ಮೂಲವೇತನದ ಅರ್ಧದಷ್ಟು ಪಿಂಚಣಿಯ ಭರವಸೆ, ಇನ್ನೊಬ್ಬರಿಗೆ ಷೇರುಪೇಟೆಯ ಸುದ್ದಿ.

ಹೊಸ ಯೋಜನೆಯಿಂದ ಬೊಕ್ಕಸಕ್ಕೆ ಉಳಿತಾಯವಾಗುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ಆ ಉಳಿತಾಯ ಯಾವಾಗ ಬರುತ್ತದೆಂಬುದು ಮುಖ್ಯ. ಇಪ್ಪತ್ತೈದು ಮೂವತ್ತರ ವಯಸ್ಸಿನಲ್ಲಿ 2006ರಲ್ಲಿ ಸೇರಿದವರು ಅರವತ್ತು ಮುಟ್ಟುವುದು 2036ರಿಂದ 2041ರ ನಡುವೆ. ಅಲ್ಲಿಯವರೆಗೆ ಸರ್ಕಾರ ಹಳಬರಿಗೆ ಪಿಂಚಣಿಯನ್ನೂ ಹೊಸಬರಿಗೆ ವಂತಿಗೆಯನ್ನೂ ಒಟ್ಟಿಗೆ ತೆರಬೇಕು. ಹಳೆ ಯೋಜನೆಗೆ ಮರಳುವ ಸರ್ಕಾರಕ್ಕೆ ಮರುದಿನವೇ ವಂತಿಗೆ ಉಳಿಯುತ್ತದೆ. ಬಿಲ್ಲು ಬರುವುದು ಇನ್ನೊಬ್ಬ ಮುಖ್ಯಮಂತ್ರಿಯ ಕಾಲಕ್ಕೆ. ಅದನ್ನು ತೆರುವವರು ಇನ್ನೂ ಶಾಲೆಯಲ್ಲಿರುವ ಮಕ್ಕಳು. ರಾಜಸ್ಥಾನ, ಛತ್ತೀಸಗಢ, ಹಿಮಾಚಲ ಪ್ರದೇಶಗಳು ಹಳೆ ಯೋಜನೆಯತ್ತ ತಿರುಗಿದಾಗ, ಮರಳಿಕೆಯ ಹೊರೆ ಹೊಸ ಯೋಜನೆಯ ನಾಲ್ಕೂವರೆ ಪಟ್ಟಿನವರೆಗೂ ಹೋಗಬಹುದೆಂದು ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ ಬುಲೆಟಿನ್‌ನ ಲೇಖನವೊಂದು ಎಚ್ಚರಿಸಿತ್ತು.

ಕರ್ನಾಟಕದಲ್ಲಿ ಹಳೆ ಪಿಂಚಣಿಯ ವಿಷಯ 2023ರ ವಿಧಾನಸಭಾ ಚುನಾವಣೆಯಲ್ಲಿ ಪ್ರಣಾಳಿಕೆಯನ್ನೇರಿತು. 2024ರ ಜನವರಿಯಲ್ಲಿ, 2006ರ ಏಪ್ರಿಲ್‌ಗೆ ಮುನ್ನವೇ ಅಧಿಸೂಚನೆಯಾಗಿ ಆಮೇಲೆ ನೇಮಕಗೊಂಡಿದ್ದ ಸುಮಾರು 13 ಸಾವಿರ ಮಂದಿಗೆ ಹಳೆ ಪಿಂಚಣಿ ದೊರೆಯಿತು. ಇದು ನ್ಯಾಯವೇ, ಕಡತ ನಿಧಾನವಾಗಿ ಚಲಿಸಿದ್ದಕ್ಕೆ ನೌಕರ ದಂಡ ತೆರಬಾರದು. ಉಳಿದ ಲಕ್ಷಾಂತರ ಮಂದಿಯ ಪ್ರಶ್ನೆ ಸಮಿತಿಯ ಪಾಲಾಯಿತು. ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ತನ್ನ ನೌಕರರಿಗೆ ಏಕೀಕೃತ ಪಿಂಚಣಿ ಯೋಜನೆಯನ್ನು ತಂದಿತು: 25 ವರ್ಷದ ಸೇವೆಗೆ, ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧದ ಖಾತರಿ. ವಂತಿಗೆಯೂ ಇದೆ, ಖಾತರಿಯೂ ಇದೆ. ಈ ಮಧ್ಯಮಾರ್ಗವನ್ನು ರಾಜ್ಯ ತಳ್ಳಿಹಾಕುವ ಮುನ್ನ ಲೆಕ್ಕ ಹಾಕಿ ನೋಡುವುದು ಉಚಿತ.

ಬೊಕ್ಕಸದ ಕಡೆಯಿಂದ ನೋಡಿದರೆ ಚಿತ್ರ ಹೀಗಿದೆ. 2025-26ರ ರಾಜ್ಯ ಆಯವ್ಯಯದ ಅಂದಾಜಿನಂತೆ ಪ್ರತಿ ನೂರು ರೂಪಾಯಿ ರಾಜಸ್ವದಲ್ಲಿ ಸುಮಾರು 29 ರೂಪಾಯಿ ವೇತನಕ್ಕೆ, 11 ರೂಪಾಯಿ ಪಿಂಚಣಿಗೆ, 16 ರೂಪಾಯಿ ಬಡ್ಡಿಗೆ ಮೀಸಲು. ಐದು ಗ್ಯಾರಂಟಿಗಳಿಗೆ 51 ಸಾವಿರ ಕೋಟಿ ರೂಪಾಯಿ ಎತ್ತಿಡಲಾಗಿತ್ತು. ರಾಜಸ್ವ ಕೊರತೆ 19,262 ಕೋಟಿ. ಏಳನೇ ವೇತನ ಆಯೋಗದ ಜಾರಿಯಿಂದ ವರ್ಷಕ್ಕೆ 20,208 ಕೋಟಿಯ ಹೆಚ್ಚುವರಿ ಹೊರೆಯೆಂದು ಸರ್ಕಾರವೇ ಹೇಳಿತ್ತು. ಎರಡೂ ಅಂಕಿಗಳು ಹತ್ತಿರವಿರುವುದು ಕಾಕತಾಳೀಯವಿರಬಹುದು. ಆದರೆ ದೇಶದಲ್ಲಿಯೇ ಮೊದಲಿಗೆ, 2002ರಲ್ಲಿ, ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ರಾಜ್ಯ ನಮ್ಮದು. ರಾಜಸ್ವ ಕೊರತೆಯನ್ನು ನೀಗಿಸುವುದು ಆ ಕಾಯ್ದೆಯ ಗುರಿಯಾಗಿತ್ತು.

ಹಾಗಿದ್ದರೂ ಏರಿಕೆ ಸಾಧ್ಯವಾದದ್ದು ಹೇಗೆ? ಸಂಘಟನೆಯ ಬಲದಿಂದ. 2023ರ ಮಾರ್ಚ್ 1ರಂದು ಸರ್ಕಾರಿ ನೌಕರರು ಕೆಲಸಕ್ಕೆ ಗೈರಾದ ದಿನವೇ ಶೇ 17ರ ಮಧ್ಯಂತರ ಪರಿಹಾರ ಘೋಷಣೆಯಾಯಿತು. ಎರಡು ತಿಂಗಳಲ್ಲಿ ಚುನಾವಣೆಯಿತ್ತು. ಅಂದು ನೌಕರರ ಸಂಘದ ರಾಜ್ಯಾಧ್ಯಕ್ಷರಾಗಿದ್ದ ಸಿ.ಎಸ್. ಷಡಾಕ್ಷರಿ ಶಿವಮೊಗ್ಗದವರೇ ಎಂಬುದು ಜಿಲ್ಲೆಯ ಓದುಗರಿಗೆ ಹೊಸತಲ್ಲ. ಅದೇ ವರ್ಷದ ಜನವರಿಯಲ್ಲಿ ಇಪ್ಪತ್ತು ಕಿಲೋಮೀಟರ್ ಆಚೆಯ ಭದ್ರಾವತಿಯಲ್ಲಿ ಧರಣಿ ಕುಳಿತವರಿಗೆ ಸಿಕ್ಕಿದ್ದು ಭರವಸೆಗಳು. ಒಂದೇ ಜಿಲ್ಲೆ, ಒಂದೇ ಋತು.

ಖಾಲಿ ಕುರ್ಚಿಯ ಉಳಿತಾಯ

ವೇತನದ ಹೊರೆಯನ್ನು ನಿಭಾಯಿಸಲು ಸರ್ಕಾರಗಳು ಸದ್ದಿಲ್ಲದೆ ಹಿಡಿದ ಇನ್ನೊಂದು ದಾರಿ ಹುದ್ದೆಗಳನ್ನು ಖಾಲಿ ಬಿಡುವುದು. ರಾಜ್ಯದಲ್ಲಿ ಮಂಜೂರಾದ ಸುಮಾರು ಏಳೂಮುಕ್ಕಾಲು ಲಕ್ಷ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಉಳಿದವು. ಆ ಕೆಲಸ ನಿಲ್ಲಲಿಲ್ಲ. ಅತಿಥಿ ಶಿಕ್ಷಕರು, ಹೊರಗುತ್ತಿಗೆಯ ಡಾಟಾ ಎಂಟ್ರಿಯವರು, ಗೌರವಧನದ ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರು ಅದನ್ನು ನಡೆಸಿದರು. ಇವರ ವೆಚ್ಚ ಆಯವ್ಯಯದಲ್ಲಿ ಬಹುಮಟ್ಟಿಗೆ 'ವೇತನ' ಎಂಬ ಶೀರ್ಷಿಕೆಯಡಿ ಬರುವುದೇ ಇಲ್ಲ. ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ಖಾತರಿಗಾಗಿ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನಲ್ಲಿ ಅಹೋರಾತ್ರಿ ಕೂರಬೇಕಾಯಿತು. ನಿವೃತ್ತಿ ವೇತನ ಎಂಬ ಮಾತೇ ಅವರ ಕೋಷ್ಟಕದಲ್ಲಿಲ್ಲ.

ಸಾರಿಗೆ ನೌಕರರದು ಇನ್ನೊಂದು ತೆರನ ಕಥೆ. ಹೊಳಲೂರಿನ ಮೇಲೆ ಹಾಯುವ ಸರ್ಕಾರಿ ಬಸ್ಸಿನ ಚಾಲಕ ಜನರ ಕಣ್ಣಿಗೆ ಸರ್ಕಾರಿ ನೌಕರನೇ. ಪಿಂಚಣಿಯ ಲೆಕ್ಕದಲ್ಲಿ ಮಾತ್ರ ಆತ ಕಾಗದ ಕಾರ್ಖಾನೆಯವರ ಸಾಲಿಗೆ, ಇಪಿಎಸ್-95ಕ್ಕೆ ಸೇರಿದವನು. 2020ರ ಜನವರಿಯಿಂದ ಅನ್ವಯವಾಗಬೇಕಿದ್ದ ವೇತನ ಪರಿಷ್ಕರಣೆ 2023ರ ಮಾರ್ಚ್‌ನಲ್ಲಿ ಕೈಗೆ ಬಂದಾಗ ನಡುವಿನ 38 ತಿಂಗಳ ಹಿಂಬಾಕಿ ಉಳಿದುಕೊಂಡಿತು. ಅದನ್ನು ಕೇಳಿ 2025ರ ಆಗಸ್ಟ್ 5ರಂದು ಮುಷ್ಕರ ಹೂಡಲಾಯಿತು. ಹೈಕೋರ್ಟಿನ ಮಧ್ಯಪ್ರವೇಶದಿಂದ ಅದು ನಿಂತಿತು. ಪಕ್ಕದ ಕೇರಳ ತನ್ನ ಸಾರಿಗೆ ನಿಗಮದ ನಿವೃತ್ತರಿಗೆ ಖಾತರಿ ಪಿಂಚಣಿ ಕೊಡುತ್ತದೆ. ಆದರೆ ಅದಕ್ಕಾಗಿ ಸಹಕಾರ ಸಂಘಗಳಿಂದ ಸಾಲ ಎತ್ತಬೇಕಾದ ಪರಿಸ್ಥಿತಿಗೂ ಬಂದಿತು. ಖಾತರಿ ಕೊಡುವುದು ಸುಲಭ, ಅದಕ್ಕೆ ನಿಧಿ ಕೂಡಿಡುವುದು ಕಷ್ಟ ಎಂಬುದಕ್ಕೆ ಆ ಉದಾಹರಣೆ ಸಾಕು.

ಈ ಲೇಖಕನ ಅಭಿಪ್ರಾಯದಲ್ಲಿ ಮೊದಲ ಕೆಲಸ ಲೆಕ್ಕವನ್ನು ಒಟ್ಟಿಗೆ ಇಡುವುದು. ಮುಂದಿನ ಇಪ್ಪತ್ತು ಮೂವತ್ತು ವರ್ಷಗಳ ಪಿಂಚಣಿಯ ಹೊಣೆ ಎಷ್ಟೆಂಬುದನ್ನು ಆಯವ್ಯಯದೊಂದಿಗೆ ಸದನದ ಮುಂದಿಡಬೇಕು. ಅದರಲ್ಲಿ ನಿಗಮ ಮಂಡಳಿಗಳೂ ಗೌರವಧನದವರೂ ಇರಬೇಕು. ವೇತನ ಆಯೋಗಗಳು ಅತಿ ಕೆಳಗಿನ ಹುದ್ದೆಯ ಕುಟುಂಬಕ್ಕೆ ಬೇಕಾಗುವ ಅಕ್ಕಿ, ಬೇಳೆ, ಬಟ್ಟೆಗಳ ಬೆಲೆಯಿಂದ ಕನಿಷ್ಠ ವೇತನವನ್ನು ಕಟ್ಟುತ್ತ ಹೋಗುತ್ತವೆ. ಅದೇ ಅಕ್ಕಿ ಬೇಳೆಯನ್ನು ಅದೇ ಸಂತೆಯಲ್ಲಿ ಕೊಳ್ಳುವ ಇಪಿಎಸ್ ನಿವೃತ್ತನಿಗೂ ಅಂಗನವಾಡಿಯ ಸಹಾಯಕಿಗೂ ಆ ಲೆಕ್ಕ ಏಕೆ ಅನ್ವಯಿಸಬಾರದು? ಇಪಿಎಸ್ ಕೇಂದ್ರದ ಯೋಜನೆ ಎಂದು ರಾಜ್ಯ ಕೈತೊಳೆದುಕೊಳ್ಳಬಹುದು. ಆದರೆ ಕಾಗದ ಕಾರ್ಖಾನೆ ರಾಜ್ಯದ್ದೇ ಆಗಿತ್ತು. ಅದನ್ನು ನಿಲ್ಲಿಸಿದ ಆಡಳಿತವೂ ರಾಜ್ಯದ್ದೇ.

ಕೇಂದ್ರದ ಎಂಟನೇ ವೇತನ ಆಯೋಗದ ಕಾರ್ಯವ್ಯಾಪ್ತಿಗೆ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ದೊರೆತು, ವರದಿಗೆ 18 ತಿಂಗಳ ಗಡುವು ಕೊಡಲಾಯಿತು. ಆ ವರದಿ ಬಂದ ಮೇಲೆ ರಾಜ್ಯದ ನೌಕರರೂ ಸಮಾನತೆ ಕೇಳುವುದು ನಿಶ್ಚಿತ. ಕರ್ನಾಟಕದ ಮುಂದಿನ ವಿಧಾನಸಭಾ ಚುನಾವಣೆ ನಡೆಯಬೇಕಾದದ್ದು 2028ರಲ್ಲಿ. ಇಪಿಎಸ್ ನಿವೃತ್ತರು ಕೇಳುತ್ತ ಬಂದ ಮೊತ್ತ ತಿಂಗಳಿಗೆ 7,500 ರೂಪಾಯಿ ಮತ್ತು ತುಟ್ಟಿಭತ್ಯೆ. ಕಾಗದ ಕಾರ್ಖಾನೆಯಿಂದ ಹೊರಬಿದ್ದವರಲ್ಲಿ ಅನೇಕರು ಅಷ್ಟು ಹೊತ್ತಿಗೆ ಎಪ್ಪತ್ತು ದಾಟಿರುತ್ತಾರೆ.