ಸನ್ನದಿನ ಪರೀಕ್ಷೆಗೆ ಒಯ್ಯುವ ಪುಸ್ತಕಗಳು

ಕಳೆದ ವಾರ ಒಂದು ಸಂಜೆ ನನ್ನ ಕಚೇರಿಗೆ ತಂದೆಯೊಬ್ಬರು ಬಂದಿದ್ದರು. ಅವರ ಮಗಳು ನಮ್ಮ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯ ತನಕ ಓದಿದವಳು. ಮಂಗಳೂರಿನಲ್ಲಿ ಕಾನೂನು ಪದವಿ ಮುಗಿಸಿ ಈಗ ನನ್ನಲ್ಲಿ ಜೂನಿಯರ್ ಆಗಿದ್ದಾಳೆ. ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಆಕೆಗೆ 43 ಅಂಕಗಳು ಬಂದಿವೆ. ಬೇಕಾಗಿದ್ದುದು 45.

“ಪುಸ್ತಕ ಒಯ್ಯಲು ಬಿಡುವ ಪರೀಕ್ಷೆಯಲ್ಲೂ ಫೇಲಾಗುವುದೆಂದರೆ ಹೇಗೆ ವಕೀಲರೇ? ಕನ್ನಡ ಶಾಲೆಗೆ ಹಾಕಿದ್ದೇ ನಮ್ಮ ತಪ್ಪೋ ಏನೋ” ಎಂದರು ಅವರು.

ನಾನು ಕೂಡಲೇ ಉತ್ತರಿಸಲಿಲ್ಲ. ಆಕೆ ಪರೀಕ್ಷೆಗೆ ಒಯ್ದ ಪುಸ್ತಕಗಳಲ್ಲಿ ಅರ್ಧದಷ್ಟನ್ನು ಕೊಟ್ಟವನು ನಾನೇ ಆಗಿದ್ದೆ.

ಕಾನೂನು ಓದುವ ಮಕ್ಕಳಿರುವ ಮನೆಗಳಿಗೆ ಈ ಪರೀಕ್ಷೆಯ ಸ್ವರೂಪ ತಿಳಿದಿರಬೇಕು. 2009-10ರ ಶೈಕ್ಷಣಿಕ ವರ್ಷದಿಂದೀಚೆಗೆ ಪದವಿ ಪಡೆದವರೆಲ್ಲರೂ ಭಾರತೀಯ ವಕೀಲರ ಪರಿಷತ್ತು ನಡೆಸುವ ಈ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ವಕೀಲಿ ವೃತ್ತಿಯ ಪ್ರಮಾಣಪತ್ರ ದೊರೆಯುವುದು ಆ ಬಳಿಕವೇ. ಮೊದಲ ಪರೀಕ್ಷೆ ನಡೆದುದು 2011ರಲ್ಲಿ. ಇಂತಹ ಪರೀಕ್ಷೆ ನಡೆಸುವ ಅಧಿಕಾರ ಪರಿಷತ್ತಿಗೆ ಇದೆಯೇ ಎಂಬ ವಿವಾದವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಫೆಬ್ರವರಿ 10ರಂದು ಇತ್ಯರ್ಥಪಡಿಸಿ, ಅಧಿಕಾರ ಇದೆಯೆಂದು ಹೇಳಿತು. ಇರುವುದು 100 ಬಹು ಆಯ್ಕೆಯ ಪ್ರಶ್ನೆಗಳು; ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಉತ್ತೀರ್ಣರಾಗಲು 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 40. ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತದೆ.

ನಮ್ಮ ಕಾಲದಲ್ಲಿ ಯಾವ ಪುಸ್ತಕವನ್ನಾದರೂ ಒಯ್ಯಬಹುದಾಗಿತ್ತು. ನಾನು ಒಂದು ಪೆಟ್ಟಿಗೆಯಷ್ಟು ಹೊತ್ತುಕೊಂಡು ಹೋಗಿದ್ದೆ. ಅವುಗಳಲ್ಲಿ ತೆರೆದುದು ಮೂರನ್ನೋ ನಾಲ್ಕನ್ನೋ. 2021ರ ಹದಿನಾರನೆಯ ಪರೀಕ್ಷೆಯಿಂದ ಆ ಪದ್ಧತಿ ನಿಂತಿತು. ಈಗ ಟಿಪ್ಪಣಿಗಳಿಲ್ಲದ ಮೂಲ ಅಧಿನಿಯಮ, ಅಂದರೆ ನಾವು ‘ಬೇರ್ ಆ್ಯಕ್ಟ್’ ಎನ್ನುವ ಪುಸ್ತಕ ಮಾತ್ರ. ಗೈಡುಗಳಿಗೆ, ಪ್ರಶ್ನೋತ್ತರ ಮಾಲೆಗಳಿಗೆ, ಕೈಬರಹದ ನೋಟುಗಳಿಗೆ ಪ್ರವೇಶವಿಲ್ಲ. ಬೇರ್ ಆ್ಯಕ್ಟ್ ಎಂಬ ಹೆಸರಿನಲ್ಲೇ, ಪ್ರತಿ ಕಲಮಿನ ಕೆಳಗೆ ತೀರ್ಪುಗಳ ಸಾರವನ್ನು ಸಣ್ಣಕ್ಷರದಲ್ಲಿ ಅಚ್ಚು ಹಾಕಿದ ಪುಸ್ತಕಗಳೂ ಅಂಗಡಿಯಲ್ಲಿ ಸಿಗುತ್ತವೆ. ಓದಲು ಅವು ಉತ್ತಮ, ಪರೀಕ್ಷಾ ಕೊಠಡಿಯ ಬಾಗಿಲಿಗೆ ಅಲ್ಲ. ಕೊಳ್ಳುವ ಮೊದಲು ಒಳಗಿನ ನಾಲ್ಕು ಪುಟ ತಿರುವಿ ನೋಡಬೇಕು.

ನನ್ನ ತಪ್ಪಿಗೆ ಬರುತ್ತೇನೆ. ಪ್ರತಿ ಪುಸ್ತಕಕ್ಕೆ ಹಣ ಯಾಕೆ ಸುರಿಯಬೇಕೆಂದು ನನ್ನ ಹಳೆಯ ಪೆಟ್ಟಿಗೆಯಿಂದ ಗ್ರಾಹಕ ಸಂರಕ್ಷಣಾ ಅಧಿನಿಯಮವನ್ನೂ ಮಧ್ಯಸ್ಥಿಕೆ ಅಧಿನಿಯಮವನ್ನೂ ಆಕೆಗೆ ಕೊಟ್ಟಿದ್ದೆ. ಗೆರೆ ಎಳೆಯದ, ಶುಭ್ರವಾದ ಪ್ರತಿಗಳು. ಆದರೆ ಮೊದಲನೆಯದು 1986ರ ಅಧಿನಿಯಮ. ಈಗ ಜಾರಿಯಲ್ಲಿರುವುದು 2019ರದ್ದು. ಹಳೆಯದರಲ್ಲಿ ಜಿಲ್ಲಾ ವೇದಿಕೆಯ ಮಿತಿ 20 ಲಕ್ಷ ರೂಪಾಯಿ. ಈಗ ಅದು ಜಿಲ್ಲಾ ಆಯೋಗವಾಗಿದೆ, 2021ರ ನಿಯಮಗಳ ಪ್ರಕಾರ ಮಿತಿ 50 ಲಕ್ಷ. ಈ ಕುರಿತ ಪ್ರಶ್ನೆ ಬಂದಾಗ ಆಕೆಯ ನೆನಪಿನಲ್ಲಿ 50 ಲಕ್ಷವೇ ಇತ್ತಂತೆ. ಸಂಶಯ ಬಂದು ಪುಸ್ತಕ ತೆರೆದಳು, ಅಚ್ಚಾಗಿದ್ದುದನ್ನು ನಂಬಿದಳು. ಮಧ್ಯಸ್ಥಗಾರರು ಎಷ್ಟು ಕಾಲದೊಳಗೆ ತೀರ್ಪು ನೀಡಬೇಕೆಂಬ 29ಎ ಕಲಂ ಮಧ್ಯಸ್ಥಿಕೆ ಅಧಿನಿಯಮಕ್ಕೆ ಸೇರಿದುದು 2015ರ ತಿದ್ದುಪಡಿಯಿಂದ. ನನ್ನ ಪ್ರತಿಯಲ್ಲಿ ಆ ಕಲಮೇ ಇರಲಿಲ್ಲ. ಇಲ್ಲದ ಕಲಮನ್ನು ಹುಡುಕುತ್ತ ಆಕೆ ಹತ್ತು ನಿಮಿಷ ಕಳೆದಳು. ಎರಡು ಪ್ರಶ್ನೆಗಳು, ಎರಡು ಅಂಕಗಳು. ತಂದೆಗೆ ಇದನ್ನೆಲ್ಲ ವಿವರಿಸಿದೆ. ಕನ್ನಡ ಶಾಲೆಯ ಮೇಲಿನ ಆರೋಪ ಅಲ್ಲಿಗೆ ವಜಾ ಆಯಿತು.

ಕ್ರಿಮಿನಲ್ ಕಾನೂನಿನ ವಿಚಾರದಲ್ಲಿ ಅಪಾಯ ಇನ್ನೂ ದೊಡ್ಡದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿವೆ. ಸಂಖ್ಯೆ ಬರಿದೆ ಬದಲಾಗಿದ್ದರೆ ಚಿಂತೆಯಿರಲಿಲ್ಲ. ಹಳೆಯ ಸಂಖ್ಯೆಯೇ ಹೊಸ ಅರ್ಥ ತಳೆದು ಕುಳಿತಿದೆ. ಹೈಕೋರ್ಟಿನ ಅಂತರ್ಗತ ಅಧಿಕಾರವೆಂದರೆ ದಂಡ ಪ್ರಕ್ರಿಯಾ ಸಂಹಿತೆಯ 482ನೆಯ ಕಲಂ ಎಂದು ನಾವು ಬಾಯಿಪಾಠ ಮಾಡಿದವರು. ಹೊಸ ಸುರಕ್ಷಾ ಸಂಹಿತೆಯಲ್ಲಿ 482 ಎಂದರೆ ನಿರೀಕ್ಷಣಾ ಜಾಮೀನು. ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ನಿಷೇಧಾಜ್ಞೆ ಎಂದರೆ 144 ಎಂದು ಶಾಲಾ ಮಕ್ಕಳಿಗೂ ಗೊತ್ತು. ಈಗ ಅದು 163. ಹೊಸ 144ರಲ್ಲಿರುವುದು ಹೆಂಡತಿ, ಮಕ್ಕಳು, ತಂದೆತಾಯಿಯರ ಜೀವನಾಂಶ. ಕೊಲೆಯ ಶಿಕ್ಷೆಯ 302 ಈಗ ನ್ಯಾಯ ಸಂಹಿತೆಯಲ್ಲಿ 103. ಅಲ್ಲಿಯ 302ನೆಯ ಕಲಂ ಧಾರ್ಮಿಕ ಭಾವನೆ ನೋಯಿಸುವ ಉದ್ದೇಶದಿಂದ ಆಡುವ ಮಾತಿಗೆ ಸಂಬಂಧಿಸಿದ್ದು. ಅಣ್ಣನ ಪುಸ್ತಕ ತಮ್ಮನಿಗೆ ಎನ್ನುವ ನಮ್ಮ ಮನೆಗಳ ಒಳ್ಳೆಯ ಪದ್ಧತಿ ಇಲ್ಲಿ ನಡೆಯದು.

ಹಾಗೆಂದು ಹತ್ತೊಂಬತ್ತು ವಿಷಯಗಳಿಗೂ ಹೊಸ ಪುಸ್ತಕ ಕೊಳ್ಳುವುದು ಬೇಡ. ಪಠ್ಯಕ್ರಮದಲ್ಲಿ ಅಂಕಗಳ ಹಂಚಿಕೆ ಇದೆ. ಅದನ್ನೇ ಕೊಳ್ಳುವ ಪಟ್ಟಿಯಾಗಿ ಓದಬೇಕು. ಸಂವಿಧಾನ, ಸಿವಿಲ್ ಪ್ರಕ್ರಿಯಾ ಸಂಹಿತೆ, ಕ್ರಿಮಿನಲ್ ಪ್ರಕ್ರಿಯೆ, ಇವಕ್ಕೆ ತಲಾ 10. ಅಪರಾಧ ಕಾನೂನು, ಸಾಕ್ಷ್ಯ, ಕೌಟುಂಬಿಕ ಕಾನೂನು, ಕರಾರು ಮತ್ತು ಆಸ್ತಿ ವರ್ಗಾವಣೆಯ ಗುಂಪು, ಇವಕ್ಕೆ ತಲಾ 8. ಅಲ್ಲಿಗೇ 62 ಆಯಿತು. ಕಂಪನಿ, ಪರಿಸರ, ಸೈಬರ್, ಭೂಸ್ವಾಧೀನ, ಬೌದ್ಧಿಕ ಆಸ್ತಿ ಮುಂತಾದವಕ್ಕೆ ಎರಡೆರಡೇ ಅಂಕ. ಎರಡು ಅಂಕಕ್ಕಾಗಿ ಕಂಪನಿ ಕಾನೂನಿನ ದಪ್ಪ ಪುಸ್ತಕ ಹೊರುವವರನ್ನು ನೋಡಿದ್ದೇನೆ. ಮೇಜಿನ ಮೇಲೆ ಸ್ಥಳ ವ್ಯರ್ಥವೆಂಬುದಷ್ಟೇ ನನ್ನ ಅಭಿಪ್ರಾಯ.

ಇನ್ನು ಸಮಯದ ಲೆಕ್ಕ. ಒಂದು ಪ್ರಶ್ನೆಗೆ ದೊರೆಯುವುದು ಸುಮಾರು ಎರಡು ನಿಮಿಷ. ಪುಸ್ತಕದಲ್ಲಿ ಹುಡುಕಿ ಬರೆಯಬಹುದಾದ ಪ್ರಶ್ನೆಗಳು ಇಪ್ಪತ್ತೈದನ್ನು ಮೀರಲಾರವು. ಆದುದರಿಂದ ಪುಸ್ತಕದ ಗುಣವನ್ನು ಅಳೆಯುವುದು ಅದರ ಮೊದಲ ಪುಟಗಳಲ್ಲಿರುವ ಕಲಂಗಳ ಅನುಕ್ರಮಣಿಕೆಯಿಂದ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 158 ಕಲಂಗಳ ಬಳಿಕ ಮೊದಲನೆಯ ಅನುಸೂಚಿಯ ಆದೇಶಗಳೂ ನಿಯಮಗಳೂ ಇವೆ. ತಾತ್ಕಾಲಿಕ ತಡೆಯಾಜ್ಞೆ 39ನೆಯ ಆದೇಶದಲ್ಲಿ, ವಾದಪತ್ರದ ತಿರಸ್ಕಾರ 7ನೆಯ ಆದೇಶದ 11ನೆಯ ನಿಯಮದಲ್ಲಿ. ಪುಟದ ನೆತ್ತಿಯಲ್ಲಿ ಆದೇಶದ ಸಂಖ್ಯೆ ಅಚ್ಚಾಗಿರದ ಪ್ರತಿಯಲ್ಲಿ ಇವನ್ನು ಹುಡುಕುವುದು ಹರಸಾಹಸ. ಮನೆಯಲ್ಲಿ ಕುಳಿತು, ತಮ್ಮನೋ ತಂಗಿಯೋ ಗಡಿಯಾರ ಹಿಡಿದು ಕಲಂ ಹೆಸರಿಸುತ್ತಿರಲು, ತಾನು ಒಯ್ಯುವ ಅದೇ ಪ್ರತಿಯಲ್ಲಿ ಹುಡುಕಿ ಅಭ್ಯಾಸ ಮಾಡಿದವರಿಗೆ ಇದರ ಪ್ರಯೋಜನ ತಿಳಿಯುತ್ತದೆ. ಇದಕ್ಕೆ ಕಾನೂನು ತಿಳಿದ ತಂದೆತಾಯಿ ಬೇಕಿಲ್ಲ.

ಭಾಷೆಯ ಪ್ರಶ್ನೆ ಉಳಿಯಿತು. ಕನ್ನಡ ಪ್ರಶ್ನೆಪತ್ರಿಕೆಯನ್ನು ಆರಿಸುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಅಲ್ಲಿಯ ಕನ್ನಡ ಕರ್ನಾಟಕದ ಕಚೇರಿಗಳ ಕನ್ನಡ. ನಮ್ಮಲ್ಲಿ ಜಾಗದ ‘ಆಧಾರ’ ಎಂದರೆ ಮಗುವಿಗೂ ಅರ್ಥವಾಗುತ್ತದೆ. ಅಲ್ಲಿ ಅದು ಕ್ರಯಪತ್ರ. ಪದವಿ ತರಗತಿಯಲ್ಲಿ ಇಂಗ್ಲಿಷಿನಲ್ಲೇ ಓದಿದವರು ‘ಮಾರ್ಟ್‌ಗೇಜ್’ ಎಂದು ಕಲಿತುದನ್ನು ‘ಅಡಮಾನ’ ಎಂದು ಗುರುತಿಸಲು ಕ್ಷಣ ಹೊತ್ತು ಬೇಕು. ನೂರು ಪ್ರಶ್ನೆಗಳಲ್ಲಿ ಆ ಕ್ಷಣಗಳೆಲ್ಲ ಕೂಡಿದರೆ ಕಾಲು ಗಂಟೆ. ಓದಿದ ಭಾಷೆ, ಪ್ರಶ್ನೆಪತ್ರಿಕೆಯ ಭಾಷೆ, ಒಯ್ಯುವ ಪುಸ್ತಕದ ಭಾಷೆ ಮೂರೂ ಒಂದೇ ಆಗಿರಲಿ ಎಂಬುದು ನನ್ನ ಸಲಹೆ. ಕನ್ನಡದಲ್ಲೇ ಬರೆಯುವವರು ಆರು ತಿಂಗಳ ಮೊದಲೇ ಕನ್ನಡ ಆವೃತ್ತಿಯ ಅಧಿನಿಯಮಗಳನ್ನು ಓದಲು ತೊಡಗಬೇಕು. ಸಂವಿಧಾನದ ಕನ್ನಡ ಆವೃತ್ತಿಯಂತೂ ಎಲ್ಲರ ಮನೆಯಲ್ಲಿರಬೇಕಾದುದು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು 1956ರಲ್ಲಿ ಸೇರಿದ 350ಎ ಅನುಚ್ಛೇದ ಅದರಲ್ಲಿದೆ. ನನ್ನ ಜೂನಿಯರ್ ಆ ಅನುಚ್ಛೇದಕ್ಕೆ ಪುಸ್ತಕ ತೆರೆಯಬೇಕಾಗಿಲ್ಲ.

ಕೇಂದ್ರದ ಅಧಿನಿಯಮಗಳ ಪಠ್ಯ ಸರಕಾರದ ‘ಇಂಡಿಯಾ ಕೋಡ್’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅಂಗಡಿಯ ಪುಸ್ತಕದಲ್ಲಿ ತಿದ್ದುಪಡಿಗಳು ಸೇರಿವೆಯೇ ಎಂದು ಅದರೊಂದಿಗೆ ತಾಳೆ ನೋಡಬಹುದು. ಏನನ್ನು ಒಯ್ಯಬಹುದೆಂಬುದಕ್ಕೆ ಪ್ರತಿ ಸಲದ ಅಧಿಸೂಚನೆ ಮತ್ತು ಪ್ರವೇಶಪತ್ರದ ಸೂಚನೆಗಳೇ ಪ್ರಮಾಣ. ನನ್ನ ಈ ಲೇಖನವಲ್ಲ.

ಆಕೆ ಈ ಸಲ ಏಳು ಪುಸ್ತಕಗಳನ್ನು ಹೊಸತಾಗಿ ಕೊಂಡಿದ್ದಾಳೆ. ಹಣ ನಾನು ಕೊಡುತ್ತೇನೆಂದರೂ ಒಪ್ಪಲಿಲ್ಲ. ನನ್ನ ಹಳೆಯ ಪೆಟ್ಟಿಗೆಯನ್ನು ರದ್ದಿಗೆ ಹಾಕಿಲ್ಲ. 2024ರ ಜುಲೈಗೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ; ಅಂತಹ ಕಡತಗಳು ನನ್ನ ಕಪಾಟಿನಲ್ಲಿ ಇನ್ನೂ ಬಹಳ ಇವೆ. ಪ್ರತಿ ಪುಸ್ತಕದ ಬೆನ್ನಿಗೂ ವರ್ಷ ಬರೆದು ಚೀಟಿ ಅಂಟಿಸಿ, ಎಲ್ಲವನ್ನೂ ಮೇಲಿನ ಅಂತಸ್ತಿಗೆ ಏರಿಸಿದ್ದಾಳೆ.