ಹೈಡಾ ಕಂಬದ ಕಾಗೆ
ಕೆನಡಾದ ಪಶ್ಚಿಮ ಕರಾವಳಿಯ ಹೈಡಾ ಸಮಾಜ ರೇವನ್ ಮತ್ತು ಹದ್ದು ಎಂಬ ಎರಡು ಬಣಗಳಾಗಿ ಹಂಚಿಹೋಗಿದೆ; ಮಕ್ಕಳು ತಾಯಿಯ ಬಣಕ್ಕೆ ಸೇರುತ್ತಾರೆ, ಸಂಪ್ರದಾಯದಂತೆ ಮದುವೆ ಇನ್ನೊಂದು ಬಣದವರೊಂದಿಗೆ. ರೇವನ್ ಎಂದರೆ ಕಾಗೆಯ ದೊಡ್ಡ ದಾಯಾದಿ. ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ಬೆಳಕನ್ನು ಕದ್ದು ಲೋಕಕ್ಕೆ ಕೊಟ್ಟದ್ದು ಇದೇ ಹಕ್ಕಿ ಎನ್ನುತ್ತವೆ ಅವರ ಕಥೆಗಳು. ಕಳ್ಳನೂ ಅದೇ, ಉಪಕಾರಿಯೂ ಅದೇ. ಹೈಡಾಗಳು ಕೆತ್ತುವ ಸೀಡರ್ ಮರದ ಟೋಟೆಮ್ ಕಂಬದಲ್ಲಿ ಹಕ್ಕಿಗೆ ಉದ್ದನೆಯ ನೇರ ಕೊಕ್ಕಿದ್ದರೆ ಸಾಮಾನ್ಯವಾಗಿ ರೇವನ್, ತುದಿ ಕೆಳಕ್ಕೆ ಬಾಗಿದ್ದರೆ ಹದ್ದು. ಈ ಕಂಬಗಳನ್ನು ಪೂಜೆಯ ವಿಗ್ರಹಗಳೆಂದು ಭಾವಿಸುವುದು ದೊಡ್ಡ ತಪ್ಪು. ಅವು ಮನೆತನದ ಲಾಂಛನ, ಚರಿತ್ರೆ, ಹಕ್ಕುಗಳ ದಾಖಲೆ. ಹೈಡಾ ಕಲಾವಿದ ಬಿಲ್ ರೀಡ್ 1980ರಲ್ಲಿ ಪೂರೈಸಿದ, ವ್ಯಾಂಕೂವರ್‌ನ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿರುವ ಹಳದಿ ಸೀಡರ್ ಶಿಲ್ಪದಲ್ಲಿ ರೇವನ್ ದೊಡ್ಡ ಚಿಪ್ಪಿನ ಮೇಲೆ ರೆಕ್ಕೆ ಹರಡಿ ಕುಳಿತಿದೆ. ಚಿಪ್ಪಿನೊಳಗಿಂದ ಮೊದಲ ಮನುಷ್ಯರು ಹೊರಬರಲು ಹೆಣಗುತ್ತಿದ್ದಾರೆ.