ಎಲ್ಲಿಂದಾದರೂ ದುಡಿಯಬಲ್ಲವರೇ, ಒಂದಿಷ್ಟು ದಿನ ಇಲ್ಲಿಂದ ದುಡಿಯಿರಿ

ದೇವದುರ್ಗದಲ್ಲಿ, ಮಾನ್ವಿಯಲ್ಲಿ, ರಾಯಚೂರು ಪೇಟೆಯ ಓಣಿಗಳಲ್ಲಿ ಹುಟ್ಟಿ ಬೆಳೆದು, ಈಗ ಲ್ಯಾಪ್‌ಟಾಪನ್ನು ಬೆನ್ನಿಗೇರಿಸಿಕೊಂಡು ಬಾಲಿಯಲ್ಲೋ ಫುಕೆಟ್‌ನಲ್ಲೋ ಅಂಡಮಾನಿನಲ್ಲೋ ಕೂತು ದುಡಿಯುತ್ತಿರುವ ತಮ್ಮಂದಿರೇ, ತಂಗಿಯರೇ, ಈ ಮಾತು ನಿಮಗೆ. ನಿಮ್ಮ ಕಡಲು, ನಿಮ್ಮ ತೆಂಗಿನ ನೆರಳು ನಿಮಗಿರಲಿ. ಅದರ ಮೇಲೆ ಯಾರಿಗೂ ಹೊಟ್ಟೆಕಿಚ್ಚಿಲ್ಲ. ನಿಮ್ಮೂರಿನ ಹೆಸರಿನಲ್ಲಿ ಒಂದು ಲೆಕ್ಕ ಮಾತ್ರ ಕೇಳುವುದಿದೆ.

ಕೊರೊನಾ ಬಂದು ಕಚೇರಿಗಳು ಬಾಗಿಲು ಹಾಕಿದಾಗ ಕೆಲಸ ಮನೆಗೆ ಬಂತು. ಆಮೇಲೆ ಮನೆಯನ್ನೂ ಬಿಟ್ಟು ಕಡಲತೀರಕ್ಕೆ ಹೋಯಿತು. ಪ್ರವಾಸಿಗರಿಲ್ಲದೆ ಬರಿದಾಗಿದ್ದ ಬಾರ್ಬಡೋಸ್ 2020ರ ಜುಲೈನಲ್ಲಿ ಹೊಸದೊಂದು ವೀಸಾ ತಂದಿತು: ವರ್ಷಕ್ಕೆ 50,000 ಡಾಲರ್ ಗಳಿಸುವವರು ಬನ್ನಿ, ನಮ್ಮ ದ್ವೀಪದಲ್ಲಿ ಹನ್ನೆರಡು ತಿಂಗಳು ಇದ್ದು ನಿಮ್ಮ ನಿಮ್ಮ ಕಂಪನಿಗೆ ದುಡಿಯಿರಿ. ಮಾರಿಷಸ್ ಕೂಡ ಅದೇ ವರ್ಷ ಬಾಗಿಲು ತೆರೆಯಿತು. ಥಾಯ್ಲೆಂಡ್ 2024ರಿಂದ ಐದು ವರ್ಷದ ವೀಸಾ ಕೊಡುತ್ತಿದೆ, ಬ್ಯಾಂಕಿನಲ್ಲಿ 5 ಲಕ್ಷ ಬಾತ್ ಇದ್ದರೆ ಸಾಕು. ಇಂಡೊನೇಷ್ಯಾ ಕೇಳುವುದು ವರ್ಷಕ್ಕೆ 60,000 ಡಾಲರ್, ಅಂದರೆ ಸುಮಾರು 50 ಲಕ್ಷ ರೂಪಾಯಿ ಆದಾಯದ ಪುರಾವೆ. ಊರು ಬಿಟ್ಟು ಬಂದವರಿಗೆ ಆರತಿ ಎತ್ತಿ ಒಳಗೆ ಕರೆದುಕೊಳ್ಳಲು ದೇಶಗಳೇ ಪೈಪೋಟಿಗೆ ಬಿದ್ದಿವೆ. ಅಲ್ಲಿನ ಬಡವರು ಅದಕ್ಕೆ ಬೆಲೆ ತೆರುತ್ತಿದ್ದಾರೆ ಎಂಬುದೂ ನಿಜ. ಬಾಲಿಯ ಚಾಂಗು ಕಡೆ ಭತ್ತದ ಗದ್ದೆಗಳು ವಿಲ್ಲಾಗಳಾಗಿವೆ.

ಊರು ಬಿಡುವ ಇನ್ನೊಂದು ದಂಡು ನಿಮ್ಮ ಓಣಿಯಲ್ಲೇ ಇದೆ. ಅದಕ್ಕೆ ನಾವು ಗುಳೆ ಅನ್ನುತ್ತೇವೆ. ಹತ್ತಿ ಬಿಡಿಸುವ ಕೆಲಸ ಮುಗಿಯುತ್ತಿದ್ದಂತೆ ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ, ಮಾನ್ವಿಯ ಕ್ರಾಸುಗಳಲ್ಲಿ ಗಂಟುಮೂಟೆಗಳು ಕಾಣತೊಡಗುತ್ತವೆ. ಜೋಳದ ಕಟಕ ರೊಟ್ಟಿಯ ಗಂಟು, ಎರಡು ಪಾತ್ರೆ, ಹಾಸಿಗೆ ಸುರುಳಿ, ಕಂಕುಳಲ್ಲಿ ಕೂಸು. ಮೇಸ್ತ್ರಿಯಿಂದ ಮುಂಗಡ ಇಸಕೊಂಡಾಗಿದೆ, ಹೋಗದೆ ವಿಧಿಯಿಲ್ಲ. ಬೆಂಗಳೂರು, ಪುಣೆ, ಹೈದರಾಬಾದ್, ಮುಂಬೈ. ಅಲ್ಲಿ ತಗಡಿನ ಶೆಡ್ಡು, ಟ್ಯಾಂಕರ್ ನೀರು, ಸೆಂಟ್ರಿಂಗ್ ಕೆಲಸ. ಊರಲ್ಲಿ ಉಳಿಯುವವರು ಮುದುಕರು, ಮುದುಕರಿಗೆ ಒಪ್ಪಿಸಿದ ಮಕ್ಕಳು, ಶಾಲೆಯ ಹಾಜರಿ ಪುಸ್ತಕದಲ್ಲಿ ತಿಂಗಳುಗಟ್ಟಲೆ 'ಗೈರು' ಎಂದು ಬರೆಸಿಕೊಳ್ಳುವ ಹೆಸರುಗಳು.

ಇವರಿಗೆ ಆರತಿ ಎತ್ತುವವರಿಲ್ಲ. 2022ರ ಆಗಸ್ಟ್ 25ರ ನಸುಕಿನಲ್ಲಿ ತುಮಕೂರು ಜಿಲ್ಲೆಯ ಶಿರಾ ಬಳಿ ಲಾರಿಯೊಂದಕ್ಕೆ ಬಡಿದ ಕ್ರೂಸರ್‌ನಲ್ಲಿ ಇದ್ದವರು ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ನಮ್ಮ ಜಿಲ್ಲೆಯ ಜನ. ಒಂದೇ ವಾಹನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ. ಒಂಬತ್ತು ಜೀವ ಹೋದವು, ಸತ್ತವರಲ್ಲಿ ಮಕ್ಕಳೂ ಇದ್ದರು. ಅದಕ್ಕೂ ಮುಂಚೆ, 2020ರ ಲಾಕ್‌ಡೌನಿನಲ್ಲಿ, ಬೆಂಗಳೂರಿನ ಕಟ್ಟಡ ಕೆಲಸ ನಿಂತು ನಡೆದೇ ಊರಿಗೆ ಹೊರಟ ನಮ್ಮ ಜಿಲ್ಲೆಯ ಹೆಣ್ಣುಮಗಳೊಬ್ಬಳು ಬಳ್ಳಾರಿ ದಾಟಲಿಲ್ಲ, ಅಲ್ಲೇ ಆಸ್ಪತ್ರೆಯಲ್ಲಿ ತೀರಿಕೊಂಡಳು. ನಿಮ್ಮ ಕೆಲಸ ಮನೆಗೆ ಬಂದ ಅದೇ ದಿನಗಳಲ್ಲಿ ಅವಳ ಕೆಲಸ ಅವಳನ್ನು ನಡುಬೀದಿಗೆ ಬಿಟ್ಟಿತ್ತು.

ಕಾನೂನು ಏನು ಮಾಡುತ್ತಿತ್ತು? 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಇತ್ತು. ಅದನ್ನು ನುಂಗಿಕೊಂಡ ಹೊಸ ಕಾರ್ಮಿಕ ಸಂಹಿತೆಯೂ ಗಡಿಯ ಲೆಕ್ಕವನ್ನೇ ಹಿಡಿದಿದೆ. ಪುಣೆಗೆ ಹೋದವನು ಕಾಗದದ ಮೇಲಾದರೂ ವಲಸೆ ಕಾರ್ಮಿಕ. ದೇವದುರ್ಗದಿಂದ ನಾನೂರು ಕಿಲೊಮೀಟರ್ ದಾಟಿ ಬೆಂಗಳೂರಿಗೆ ಹೋದವಳು ಆ ಕಾಗದದಲ್ಲೂ ಇಲ್ಲ. ಊರಲ್ಲೇ ಉಳಿಯುತ್ತೇನೆ ಅಂದರೆ? 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನೂರು ದಿನವೂ ತಪ್ಪದೆ ಕೆಲಸ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಇಡೀ ಮನೆಗೆ ವರ್ಷಕ್ಕೆ 37,000. ಬಾಲಿಯ ವೀಸಾಕ್ಕೆ ಕೇಳುವ 50 ಲಕ್ಷದ ಪಕ್ಕದಲ್ಲಿ ಇದನ್ನು ಬರೆದು ನೋಡಿ.

ಅವರ ಬಡತನಕ್ಕೆ ನಾವೇನು ಮಾಡಿದೆವು ಎಂದು ನೀವು ಕೇಳಬಹುದು. ನೀವು ಏನೂ ಮಾಡಿಲ್ಲ. ಆದರೆ ಆ ಬಡತನ ನಿಮಗಾಗಿ ಏನು ಮಾಡಿತು ಎಂದು ಒಮ್ಮೆ ನೆನೆಯಿರಿ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟಾಗ ಇಡೀ ರಾಜ್ಯದ ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗ ಕಟ್ಟಕಡೆಗಿತ್ತು. ಮಾನ್ವಿಯೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲೇ ಇತ್ತು. ಇಂಥ ಅಂಕಿಗಳನ್ನು ಎದುರಿಗಿಟ್ಟುಕೊಂಡೇ ಈ ಭಾಗದ ಜನ ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿದರು. 2012ರ ಕೊನೆಯಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ಬಂತು, 371ಜೆ ವಿಧಿ ಬಂತು. ಈ ಭಾಗದ ಕಾಲೇಜುಗಳಲ್ಲಿ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ನಮ್ಮ ಮಕ್ಕಳಿಗೆ ಮೀಸಲಾದವು. 371ಜೆ ಸರ್ಟಿಫಿಕೇಟ್ ಹಿಡಿದು ಎಂಜಿನಿಯರಿಂಗ್ ಸೀಟು ಪಡೆದವರು ನಿಮ್ಮಲ್ಲಿ ಎಷ್ಟು ಮಂದಿ? ಆ ಸೀಟಿನ ನಿಜವಾದ ಶುಲ್ಕ ಕಟ್ಟಿದವಳು ದೇವದುರ್ಗದ ಗುಳೆ ಹೋಗುವ ತಾಯಿ. ಅವಳ ಹಸಿವು, ಅವಳ ಗುಡಿಸಲು, ಅವಳ ಮಗಳು ಬಿಟ್ಟ ಶಾಲೆ ಇವೆಲ್ಲ ಸೇರಿ ಆ ಹಿಂದುಳಿದ ಲೆಕ್ಕ ಹುಟ್ಟಿತು. ಆ ಲೆಕ್ಕ ತೋರಿಸಿ ನೀವು ಮೇಲೆ ಬಂದಿರಿ. ಅವಳು ಇನ್ನೂ ಅಲ್ಲೇ ಇದ್ದಾಳೆ.

ನೀವು ಮೊದಲು ಕೆಲಸಕ್ಕೆ ಸೇರಿದ ಟೆಕ್ ಪಾರ್ಕಿನ ಸ್ಲ್ಯಾಬಿಗೆ ಕಾಂಕ್ರೀಟ್ ಹೊತ್ತವರಲ್ಲಿ ಇದೇ ತಾಲ್ಲೂಕುಗಳ ಜನ ಇದ್ದಾರು. ಅಲ್ಲಿನ ಎ.ಸಿ. ಓಡಿದ ವಿದ್ಯುತ್ತಿನಲ್ಲಿ ನಮ್ಮ ಜಿಲ್ಲೆಯ ಶಕ್ತಿನಗರದ ಪಾಲಿದೆ. 1985ರಿಂದ ಅಲ್ಲಿ ಕಲ್ಲಿದ್ದಲು ಉರಿಯುತ್ತಿದೆ. 1,720 ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರದ ಬೆಳಕು ರಾಜ್ಯಕ್ಕೆ ಹೋಗುತ್ತದೆ, ಬೂದಿ ಮಾತ್ರ ಇಲ್ಲೇ ಉಳಿಯುತ್ತದೆ.

ಊರು ಬಿಟ್ಟು ಹೋಗುವುದು ಈ ನೆಲದಲ್ಲಿ ಎಂದೂ ಪಾಪವಾಗಿರಲಿಲ್ಲ. ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು ಬಡತನ ತಾಳದೆ ಊರು ಬಿಟ್ಟು ಕಾಶಿಯ ದಾರಿ ಹಿಡಿದವರು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಹನ್ನೆರಡನೇ ಶತಮಾನದಲ್ಲಿ ಒಂದು ಬಡ ಜೋಡಿ ಕಲ್ಯಾಣಕ್ಕೆ ಹೋಯಿತು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ನೆಲಕ್ಕೆ ಉದುರಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇದು ನಮ್ಮ ಪಾಲಿಗಿಂತ ಹೆಚ್ಚಾಯಿತು, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ನಮ್ಮ ಜಿಲ್ಲೆಯ ಒಬ್ಬ ಬಡ ಹೆಂಗಸಿಗೆ ಎಂಟುನೂರು ವರ್ಷದ ಹಿಂದೆ ಅಷ್ಟು ಸ್ಪಷ್ಟವಾಗಿದ್ದ ಮಾತು, ಓದಿದ ನಮಗೆ ಯಾಕೆ ಇಷ್ಟು ಮಸಕಾಯಿತು? ಊರಿನ ಪಾಲಿನದೂ ನಿಮ್ಮ ಜೋಳಿಗೆಯಲ್ಲಿದೆ. ಅದನ್ನು ಹಿಂದಕ್ಕೆ ತನ್ನಿ.

ದುಡ್ಡು ಕಳಿಸುತ್ತೇವಲ್ಲ ಅನ್ನುತ್ತೀರಿ. ಕಳಿಸಿ, ಅದರಿಂದ ನಿಮ್ಮ ಮನೆಗೆ ಮಾಳಿಗೆ ಏರುತ್ತದೆ. ಊರಿಗೆ ಬೇಕಾಗಿರುವುದು ದುಡ್ಡಿಗಿಂತ ಹೆಚ್ಚಾಗಿ ಕೇಳುವ ಬಾಯಿ. ಎಲ್ಲಿ ಕೇಳುವವರು ವಾಸವಿದ್ದಾರೋ ಅಲ್ಲಿಯ ರಸ್ತೆ ರಿಪೇರಿಯಾಗುತ್ತದೆ, ಅಲ್ಲಿಯ ನಲ್ಲಿಗೆ ಶುದ್ಧ ನೀರು ಬರುತ್ತದೆ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲೇ, ಜಿಲ್ಲಾಧಿಕಾರಿ ಕಚೇರಿ ಇರುವ ಊರಿನಲ್ಲೇ, ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ಜನ ಸತ್ತರು. ಅದೇ ವರ್ಷ ಮೇ 13ಕ್ಕೆ ಏಮ್ಸ್ ಬೇಕೆಂದು ಶುರುವಾದ ಧರಣಿ ಸಾವಿರ ದಿನ ದಾಟಿತು. ತಿಂಗಳಿಗೆ ಲಕ್ಷ ಎಣಿಸುವ, ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲ, ಮಾಹಿತಿ ಹಕ್ಕಿನ ಅರ್ಜಿ ಹಾಕಲು ಹೆದರದ ತಲೆಮಾರು ಊರಲ್ಲಿದ್ದಿದ್ದರೆ ಆ ಧರಣಿಯನ್ನು ಇಷ್ಟು ದಿನ ಯಾರಾದರೂ ಕಾಯಿಸುತ್ತಿದ್ದರೇ?

ದ್ವೀಪವೇ ಬೇಕಿದ್ದರೆ ಅದೂ ಇಲ್ಲಿದೆ. ರಾಯಚೂರು ತಾಲ್ಲೂಕಿನಲ್ಲಿ ಕೃಷ್ಣೆಯ ನಡುವೆ ಕುರ್ವಕುಲ, ಕುರ್ವಕುರ್ದಾ ನಡುಗಡ್ಡೆಗಳಿವೆ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಅಲ್ಲಿನವರಿಗೆ ಲೋಕದ ನಂಟು ಕಡಿಯುತ್ತಿತ್ತು. ನಡುಗಡ್ಡೆಯ ಬಸುರಿಗೆ, ಶಾಲೆಯ ಮಗುವಿಗೆ, ಪಡಿತರದ ಮೂಟೆಗೆ ಹರಿಗೋಲೇ ಗತಿಯಾಗಿತ್ತು. 2020ರ ಆಗಸ್ಟ್‌ನಲ್ಲಿ ಅಂಥದೊಂದು ಹರಿಗೋಲು ಮಗುಚಿ ನಾಲ್ವರು ನೀರುಪಾಲಾದರು. ಅಲ್ಲಿಗೆ ಸೇತುವೆ ಮಂಜೂರಾಗಿತ್ತು, ಕಂಬಗಳೂ ಎದ್ದಿದ್ದವು, ಕೆಲಸ ವರ್ಷಗಟ್ಟಲೆ ಅರ್ಧಕ್ಕೇ ನಿಂತಿತ್ತು. ಒಂದು ದ್ವೀಪದಲ್ಲಿ ವೈಫೈ ಎರಡು ಗಳಿಗೆ ನಿಂತರೆ ಹೋಟೆಲಿನವರನ್ನು ಕರೆದು ಕೇಳುವ ನೀವು ಈ ದ್ವೀಪದ ಸೇತುವೆಯ ಕಡತ ಎಲ್ಲಿ ನಿಂತಿತು ಎಂದು ಯಾರನ್ನಾದರೂ ಕೇಳಿದ್ದೀರಾ?

ನಿಮ್ಮ ಅಡ್ಡಿ ನನಗೆ ಗೊತ್ತಿಲ್ಲವೆಂದಲ್ಲ. ಬೇಸಿಗೆಯಲ್ಲಿ ಬಿಸಿಲು ತಲೆ ಸೀಳುತ್ತದೆ. ಹಳ್ಳಿಯಲ್ಲಿ ಕರೆಂಟು ಹೇಳದೆ ಹೋಗುತ್ತದೆ. ದೇವದುರ್ಗಕ್ಕೆ ಇನ್ನೂ ರೈಲಿಲ್ಲ. ಆದರೆ ರಾಯಚೂರು ಮೂಲೆಯ ಊರಲ್ಲ. 1871ರಲ್ಲಿ ಮುಂಬೈ ಕಡೆಯ ರೈಲೂ ಮದ್ರಾಸ್ ಕಡೆಯ ರೈಲೂ ಕೂಡಿದ್ದು ಇಲ್ಲೇ. 2019ರಲ್ಲಿ ಶುರುವಾದ ಐಐಐಟಿ ಇಲ್ಲಿದೆ. ಅಲ್ಲಿನ ಮಕ್ಕಳು ಇದೇ ಬಿಸಿಲಲ್ಲಿ, ಇದೇ ನೆಟ್‌ವರ್ಕಿನಲ್ಲಿ ಕೋಡ್ ಬರೆಯುತ್ತಿದ್ದಾರೆ.

ಬಿಸಿಲಿಗಿಂತ ದೊಡ್ಡ ಅಡ್ಡಿ ಒಂದಿದೆ, ಅದರ ಹೊಣೆ ಊರಿನದು. ಬಾಡಿಗೆ ಮನೆ ಕೇಳಲು ಬಂದವನಿಗೆ 'ನೀವು ಯಾವ ಪೈಕಿ?' ಎಂದು ಕೇಳುವ ಮಾಲೀಕರು ರಾಯಚೂರಿನಲ್ಲಿದ್ದಾರೆ. ಕೇರಿಯಿಂದ ಎದ್ದು ಎಂಜಿನಿಯರಾದ ಹುಡುಗನಿಗೆ ಬಾಲಿಯಲ್ಲಿ ಆ ಪ್ರಶ್ನೆಯಿಲ್ಲ. ರಾತ್ರಿ ಹನ್ನೊಂದಕ್ಕೆ ಅಮೆರಿಕದವರೊಂದಿಗೆ ಮಾತಾಡುವ ಹುಡುಗಿಗೆ ಅಲ್ಲಿ ಯಾರೂ ಮದುವೆಯ ಲೆಕ್ಕ ಕೇಳುವುದಿಲ್ಲ. ಅವರು ಊರಿಗೆ ಬೆನ್ನು ಮಾಡಿದ್ದರೆ ತಪ್ಪು ಅವರದಲ್ಲ. ಹಿರಿಯರೇ, ಮನೆ ಮಾಲೀಕರೇ, ನಿಮ್ಮ ಮಕ್ಕಳು ವಾಪಸ್ ಬರಲಿ ಎಂಬ ಆಸೆ ನಿಜವಾಗಿದ್ದರೆ ಆ ಎರಡು ಪ್ರಶ್ನೆಗಳನ್ನು ಇವತ್ತೇ ನುಂಗಿಕೊಳ್ಳಿ. ವರ್ಷಕ್ಕೆ 5,000 ಕೋಟಿ ಘೋಷಣೆಯಾಗುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯವರೇ, ಪ್ರತಿ ಗ್ರಾಮ ಪಂಚಾಯ್ತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ತಡೆಯಿಲ್ಲದ ಕರೆಂಟು, ಗಟ್ಟಿ ಇಂಟರ್‌ನೆಟ್, ಹೆಣ್ಣುಮಕ್ಕಳಿಗೆ ಶೌಚಾಲಯ ಇಷ್ಟನ್ನು ಮೊದಲು ಮಾಡಿ. ಕಮಾನು, ಸ್ವಾಗತ ಫಲಕ ಆಮೇಲಾಗಲಿ.

ತಮ್ಮಂದಿರೇ, ತಂಗಿಯರೇ, ಕೇಳುತ್ತಿರುವುದು ಇಷ್ಟೇ. ವರ್ಷದಲ್ಲಿ ಎರಡು ತಿಂಗಳು, ಡಿಸೆಂಬರ್ ಮತ್ತು ಜನವರಿ, ಇಲ್ಲಿಂದ ದುಡಿಯಿರಿ. ಬಿಸಿಲು ಇಳಿದಿರುತ್ತದೆ, ಗುಳೆಯ ಗಂಟು ಕಟ್ಟುವ ಹೊತ್ತೂ ಅದೇ. ಸಂಜೆ ಒಂದು ತಾಸು ಅರಿವು ಕೇಂದ್ರದಲ್ಲಿ ಕೂಡಿ. ತೊಂಬತ್ತು ದಿನ ಕೆಲಸ ಮಾಡಿದ ಪ್ರಮಾಣ ಪತ್ರ ಎಲ್ಲಿ ಸಿಗುತ್ತದೆಂದು ತಿಳಿಯದೆ ಕಟ್ಟಡ ಕಾರ್ಮಿಕರ ಕಾರ್ಡು ಕೈಬಿಟ್ಟವರು ಬರುತ್ತಾರೆ. ಅವರ ಅರ್ಜಿ ತುಂಬಿಕೊಡಿ. ಬೆಂಗಳೂರಿನಲ್ಲೂ ಪಡಿತರ ಪಡೆಯುವುದು ಹೇಗೆಂದು ತೋರಿಸಿಕೊಡಿ. ಗ್ರಾಮಸಭೆಗೆ ಹೋಗಿ, ಗುಳೆ ಹೋದವರ ದಾಖಲೆ ಪುಸ್ತಕ ಇಡಿಸಿ. ಅಪ್ಪ ಅವ್ವ ಹೋದಮೇಲೆ ಮಕ್ಕಳು ಶಾಲೆಯಲ್ಲೇ ಉಳಿಯಲು ಋತುಮಾನದ ವಸತಿ ನಿಲಯ ಕೇಳಿ. ನಿಮ್ಮ ಕಂಪನಿಯ ಚಿಲ್ಲರೆ ಕೆಲಸಗಳಲ್ಲಿ ಒಂದೆರಡನ್ನಾದರೂ ಮಾನ್ವಿಯ ಡಿಗ್ರಿ ಕಾಲೇಜಿನ ಮಕ್ಕಳಿಗೆ ಕಲಿಸಿ, ಕೂಲಿ ಕೊಟ್ಟು ಮಾಡಿಸಿ.

ಎಲ್ಲಿಂದ ಬೇಕಾದರೂ ದುಡಿಯುವ ಸ್ವಾತಂತ್ರ್ಯ ನಿಮಗೆ ಸಿಕ್ಕಿದೆ. ತನ್ನೂರಲ್ಲೇ ದುಡಿದು ಉಳಿಯುವ ಸ್ವಾತಂತ್ರ್ಯ ದೇವದುರ್ಗದ ಕೂಲಿಯವಳಿಗೆ ಇನ್ನೂ ಸಿಕ್ಕಿಲ್ಲ. ನಿಮ್ಮದನ್ನು ಅವಳದ್ದಕ್ಕಾಗಿ ದುಡಿಸಿ. ಈ ಡಿಸೆಂಬರಿನ ಟಿಕೆಟ್ ರಾಯಚೂರಿಗೆ ತೆಗೆಸಿ. ಬಂದ ವಾರವೇ ನಿಮ್ಮ ಪಂಚಾಯ್ತಿಗೆ ಹೋಗಿ ಪಿಡಿಒ ಎದುರು ಕೂತು ಕೇಳಿ: ಈ ವರ್ಷ ನಮ್ಮೂರಿಂದ ಗುಳೆ ಹೋದವರು ಎಷ್ಟು ಮಂದಿ, ಅವರ ಮಕ್ಕಳು ಈಗ ಎಲ್ಲಿದ್ದಾರೆ? ಉತ್ತರ ಬರವಣಿಗೆಯಲ್ಲಿ ಕೈಗೆ ಬರುವ ತನಕ ಎದ್ದು ಬರಬೇಡಿ.